‘ಗೊತ್ತಿಲ್ಲ’ ಎಂಬುದಕ್ಕೂ ಅಳತೆ ಇದೆ

ನಮಸ್ಕಾರ.

ಡಾರ್ಕ್ ಮ್ಯಾಟರ್, ಅಂದರೆ ಕಣ್ಣಿಗೆ ಕಾಣದ, ಗುರುತ್ವದ ಸೆಳೆತದಿಂದಷ್ಟೇ ಸುಳಿವು ಕೊಡುವ ವಸ್ತುವಿನ ಬಗ್ಗೆ ನೀವು ಕಳಿಸಿದ ಲೇಖನ ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಅಚ್ಚು ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ನಿಮ್ಮ ಭಾಷೆ ಸಲೀಸಾಗಿದೆ, ಕುತೂಹಲವೂ ನಿಜವಾದದ್ದು.

ಮೊದಲು ಕೊನೆಯ ಪ್ಯಾರಾ. ‘ವಿಶ್ವದ ಶೇ 95 ಭಾಗ ಏನೆಂದೇ ತಿಳಿಯದ ವಿಜ್ಞಾನಿಗಳ ಮಾತಿಗೂ ನಮ್ಮ ಊಹೆಗೂ ಏನು ವ್ಯತ್ಯಾಸ?’ ಎಂದು ಕೇಳಿದ್ದೀರಿ. ಆ 95 ಎಲ್ಲಿಂದ ಬಂತು? ಅದೇ ವಿಜ್ಞಾನಿಗಳು ವಿಶ್ವದ ಅತಿ ಹಳೆಯ ಬೆಳಕನ್ನು ಅಳೆದು ಕೊಟ್ಟ ಲೆಕ್ಕ ಅದು. ನಮಗೆ ಗೊತ್ತಿರುವ ವಸ್ತು ಸುಮಾರು ಶೇ 5, ಡಾರ್ಕ್ ಮ್ಯಾಟರ್ ಶೇ 27, ವಿಶ್ವ ಹಿಗ್ಗುವ ವೇಗವನ್ನು ಹೆಚ್ಚಿಸುತ್ತಿರುವ ಡಾರ್ಕ್ ಎನರ್ಜಿ ಶೇ 68. ಅವರ ಅಳತೆ ಬೇಕು, ಅವರ ಮಾತು ಬೇಡ ಅಂದರೆ ಹೇಗೆ?

ನಡುವೆ ಇದರ ತದ್ವಿರುದ್ಧ ತಪ್ಪು ಮಾಡಿದ್ದೀರಿ. ‘ಡಾರ್ಕ್ ಮ್ಯಾಟರ್ ಕಣಗಳು ಪತ್ತೆಯಾಗಿವೆ’ ಎಂಬ ವಾಕ್ಯ. ಅಂಥ ಕಣ ಇನ್ನೂ ಯಾರಿಗೂ ಸಿಕ್ಕಿಲ್ಲ. 1970ರಲ್ಲಿ ಅಮೆರಿಕದ ಖಗೋಳ ವಿಜ್ಞಾನಿಗಳಾದ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಪ್ರಕಟಿಸಿದ್ದು ಆಂಡ್ರೊಮಿಡಾ ಎಂಬ ಗೆಲಾಕ್ಸಿ (ನಕ್ಷತ್ರಗಳ ಮಹಾಗುಂಪು) ಸುತ್ತುವ ವೇಗದ ಅಳತೆ. ನಮ್ಮ ಸೌರಮಂಡಲದಲ್ಲಿ ಬುಧ ಸೆಕೆಂಡಿಗೆ 47 ಕಿ.ಮೀ. ಓಡಿದರೆ, ದೂರದ ನೆಪ್ಚೂನ್ ಐದು ಚಿಲ್ಲರೆ ಅಷ್ಟೇ. ಆಂಡ್ರೊಮಿಡಾದಲ್ಲಿ ಅಂಚಿಗೆ ಹೋದರೂ ವೇಗ ಹೀಗೆ ಇಳಿಯಲಿಲ್ಲ. ಕಾಣುವ ವಸ್ತುವಿನ ಸೆಳೆತವೊಂದೇ ಆ ವೇಗಕ್ಕೆ ಸಾಲದು. ವೇಗ ಅಳೆದದ್ದು. ಕಾಣದ ವಸ್ತು ಇರಬೇಕು ಅನ್ನುವುದು ಅದರಿಂದ ಕಟ್ಟಿದ ತರ್ಕ. ಅದು ಯಾವುದರಿಂದ ಆಗಿದೆ ಎಂಬುದು ಗೊತ್ತಿಲ್ಲ. ಈ ಮೂರನ್ನೂ ನೀವು ಒಂದೇ ವಾಕ್ಯಕ್ಕೆ ತುರುಕಿದ್ದೀರಿ. ಬಿಡಿಸಿ ಬರೆಯಿರಿ, ಲೇಖನದ ಜೀವ ಇರುವುದೇ ಅಲ್ಲಿ.

ನೀವು ಒಂದೇ ಸಾಲಿನಲ್ಲಿ ಮುಗಿಸಿದ ಲೆವೆರಿಯೆ ಕಥೆಗೆ ಜಾಸ್ತಿ ಜಾಗ ಕೊಡಿ. ಯುರೇನಸ್ ಲೆಕ್ಕದ ದಾರಿ ಬಿಟ್ಟು ಸರಿಯುತ್ತಿತ್ತು. ಕಾಣದ ಗ್ರಹವೊಂದು ಅದನ್ನು ಎಳೆಯುತ್ತಿರಬೇಕು ಎಂದು ಈ ಫ್ರೆಂಚ್ ಗಣಿತಜ್ಞ ಹೇಳಿದರು. 1846ರ ಸೆಪ್ಟೆಂಬರ್ 23ರಂದು ಅವರ ಕಾಗದ ಬರ್ಲಿನ್ ತಲುಪಿತು. ಅಲ್ಲಿನ ಖಗೋಳ ವಿಜ್ಞಾನಿ ಯೋಹಾನ್ ಗಾಲೆ ಅಂದು ರಾತ್ರಿಯೇ ಹುಡುಕಿದರು. ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನ್ ಸಿಕ್ಕಿತು!

1859ರಲ್ಲಿ ಅದೇ ಲೆವೆರಿಯೆ ಬುಧನ ದಾರಿಯಲ್ಲೂ ಸಣ್ಣ ವ್ಯತ್ಯಾಸ ಕಂಡರು. ತರ್ಕವೂ ಅದೇ: ಸೂರ್ಯನ ಹತ್ತಿರ ಇನ್ನೇನೋ ಇರಬೇಕು. ಆ ಗ್ರಹಕ್ಕೆ ವಲ್ಕನ್ ಅಂತ ಹೆಸರೂ ಬಂತು, ನೋಡಿದೆ ಅಂದವರೂ ಇದ್ದರು. ಆದರೆ ಅಂಥ ಗ್ರಹ ಇರಲೇ ಇಲ್ಲ. ತಿದ್ದಬೇಕಾಗಿದ್ದದ್ದು ಗುರುತ್ವದ ನಿಯಮವನ್ನೇ. ನೂರು ವರ್ಷಕ್ಕೆ ಬರೀ 43 ಆರ್ಕ್‌ಸೆಕೆಂಡ್‌ನ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3,600ನೇ ಒಂದು ಭಾಗ) ಆ ವ್ಯತ್ಯಾಸವನ್ನು 1915ರಲ್ಲಿ ಐನ್‌ಸ್ಟೈನ್ ಹೊಸ ಸಿದ್ಧಾಂತದಿಂದ ವಿವರಿಸಿದರು.

ಅದೇ ಮನುಷ್ಯ, ಅದೇ ಬುದ್ಧಿ, ಅದೇ ವಾದ. ಒಮ್ಮೆ ಸರಿ, ಒಮ್ಮೆ ತಪ್ಪು. ಇಂದಿನ ಪ್ರಶ್ನೆಯೂ ಇದೇ ಅಲ್ವಾ? ಡಾರ್ಕ್ ಮ್ಯಾಟರ್ ನೆಪ್ಚೂನೋ, ವಲ್ಕನ್ನೋ? ಗುರುತ್ವದ ಸೆಳೆತಕ್ಕೆ ದೂರದ ಬೆಳಕು ಬಾಗುವ ರೀತಿ ಸೇರಿ ಹಲವು ಕಡೆಯ ಸಾಕ್ಷ್ಯ ಇರುವುದರಿಂದ ಹೆಚ್ಚಿನವರು ನೆಪ್ಚೂನ್ ಕಡೆ ವಾಲುತ್ತಾರೆ. ಗುರುತ್ವದ ನಿಯಮವನ್ನೇ ತಿದ್ದಬೇಕು ಅನ್ನುವವರೂ ಇದ್ದಾರೆ. ಇಬ್ಬರ ಮಾತನ್ನೂ ಬರೆಯಿರಿ. ಯಾರ ಕಡೆ ಸಾಕ್ಷ್ಯದ ತೂಕ ಎಷ್ಟು ಎಂಬುದನ್ನೂ ಮುಚ್ಚಿಡದೆ ಬರೆಯಿರಿ.

‘ಬ್ರಹ್ಮಾಂಡದ ಮುಂದೆ ನಾವೆಷ್ಟು ಕ್ಷುದ್ರರು’ ಎಂಬ ಆರಂಭದ ಪ್ಯಾರಾ ತೆಗೆದುಬಿಡಿ. ಆ ಜಾಗಕ್ಕೆ ಕೋಲಾರದ ಚಿನ್ನದ ಗಣಿ ತನ್ನಿ. 1965ರಲ್ಲಿ ನೆಲದಡಿ ಎರಡು ಕಿ.ಮೀ.ಗೂ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಎಂಬ, ಬಂಡೆಯನ್ನೂ ಸಲೀಸಾಗಿ ದಾಟುವ ಸೂಕ್ಷ್ಮ ಕಣಗಳ ಗುರುತು ಅಲ್ಲಿ ಸಿಕ್ಕಿತ್ತು. ಬಾಹ್ಯಾಕಾಶದಿಂದ ಸುರಿಯುವ ಕಾಸ್ಮಿಕ್ ಕಿರಣಗಳ ಗದ್ದಲ ತಪ್ಪಿಸಲು ಡಾರ್ಕ್ ಮ್ಯಾಟರ್ ಹುಡುಕುವವರೂ ಇಂದು ಹೀಗೇ ನೆಲದಾಳಕ್ಕೆ ಇಳಿಯುತ್ತಾರೆ. ತಿದ್ದಿದ ಪ್ರತಿಯನ್ನು ನನಗೇ ನೇರವಾಗಿ ಕಳಿಸಿ.