ಮಧ್ಯಯುಗದ ಲ್ಯಾಟಿನ್ ಪ್ರೇಮಗೀತೆಗಳು ವಸಂತದಿಂದಲೇ ಯಾಕೆ ಶುರುವಾಗುತ್ತವೆ?

ಯುರೋಪಿನ ಚಳಿಗಾಲ ನೆನೆಸಿಕೊಳ್ಳಿ. ತಿಂಗಳುಗಟ್ಟಲೆ ಹಿಮ, ಬೋಳು ಮರ, ಬಾಗಿಲು ಹಾಕಿಕೊಂಡ ಬದುಕು. ಹುಲ್ಲು ಚಿಗುರಿದ ಮೇಲೇ ಹುಡುಗ ಹುಡುಗಿಯರು ಬಯಲಿಗೆ ಬಂದು ಕುಣಿಯುತ್ತಿದ್ದದ್ದು, ಹಾಗಾಗಿ ಚಿಗುರು ಮತ್ತು ಪ್ರೀತಿ ಹಾಡಿನಲ್ಲೂ ಜೊತೆಯಾಗಿಯೇ ಬರುತ್ತವೆ.

ಇಂಥ ಹಾಡುಗಳು ಜಾಸ್ತಿ ಸಿಗುವುದು 'ಕಾರ್ಮಿನಾ ಬುರಾನಾ' ಹಸ್ತಪ್ರತಿಯಲ್ಲಿ. ಸುಮಾರು 1230ರದ್ದು. 1803ರಲ್ಲಿ ಬವೇರಿಯಾದ ಒಂದು ಮಠದಲ್ಲಿ ಸಿಕ್ಕಿತು. ಅದರ ಒಂದು ಹಾಡಿನ ಪಲ್ಲವಿಯಲ್ಲಿ 'ತೋತುಸ್ ಫ್ಲೋರೆಯೊ' ಅಂತ ಬರುತ್ತದೆ, ಅಂದ್ರೆ 'ಪೂರ್ತಿ ಅರಳಿದ್ದೇನೆ'. ಎಷ್ಟು ಚೆಂದ ಅಲ್ವಾ! ಗಿಡಕ್ಕೆ ಹೇಳುವ ಮಾತನ್ನೇ ಹುಡುಗ ತನಗೆ ಹೇಳಿಕೊಳ್ಳುತ್ತಾನೆ, ಮುಂದಿನ ಸಾಲಿನಲ್ಲೇ ಪ್ರೀತಿಯಲ್ಲಿ ಉರಿಯುತ್ತಿದ್ದೇನೆ ಅಂತಾನೆ. ಒಂದೇ ಉಸಿರಿನಲ್ಲಿ ಹೂವೂ ಬೆಂಕಿಯೂ.

ಬರೆದವರಲ್ಲಿ ಹೆಚ್ಚಿನವರು ಚರ್ಚಿನ ವಿದ್ಯೆ ಕಲಿತವರು. ಪ್ರಾರ್ಥನೆಯ ಲ್ಯಾಟಿನ್ನಿನಲ್ಲೇ ಅವರು ಹೀಗೆ ಹಾಡಿದರು ಅನ್ನುವುದೇ ನನಗೆ ತುಂಬಾ ಇಷ್ಟ.