ಐಸಿಯುನಲ್ಲಿ ಕೌಂಟ್ ಏರಿದರೆ ಇನ್‌ಫೆಕ್ಷನ್ನೇ ಆಗಿರಬೇಕಾ?

ಈ ವಾರ ಉತ್ತರಿಸುವವರು: ತೀವ್ರ ನಿಗಾ ಘಟಕದ ತಜ್ಞ ವೈದ್ಯರು

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಬಹಳ ವರ್ಷ ಬೀಡಿ ಸೇದಿದ್ದಾರೆ, ಸಿಒಪಿಡಿ (ಉಸಿರುನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದೆ. ಉಸಿರಾಟ ತೀರಾ ಕಷ್ಟವಾಗಿ ಐಸಿಯುಗೆ ಸೇರಿಸಿದೆವು. ಸೇರಿದ ದಿನ ಬಿಳಿ ರಕ್ತಕಣ 11,800 ಇತ್ತು. ಸ್ಟೆರಾಯ್ಡ್ ಇಂಜೆಕ್ಷನ್ ಮತ್ತು ಒಂದು ಆಂಟಿಬಯೋಟಿಕ್ ಕೊಡುತ್ತಿದ್ದಾರೆ. ಈಗ ಮಾಸ್ಕ್ ತೆಗೆದಿದ್ದಾರೆ, ಜ್ವರ ಇಲ್ಲ, ಬೆಳಿಗ್ಗೆ ಎರಡು ಇಡ್ಲಿ ತಿಂದರು. ಆದರೆ ಮೂರನೇ ದಿನದ ಕೌಂಟ್ 19,600! ಡಾಕ್ಟರ್ ‘ಔಷಧ ಬದಲಿಸೋದು ಬೇಡ, ನೋಡೋಣ’ ಅಂತಾರೆ. ಹೀಗೆ ಸುಮ್ನೆ ಕಾಯೋದು ಸರಿಯಾ? (ಓದುಗರು, ಹಾಸನ)

ಉತ್ತರ: ಮಾಸ್ಕ್ ತೆಗೆದಿದ್ದಾರೆ, ಜ್ವರ ಇಲ್ಲ, ಇಡ್ಲಿ ತಿಂದರು ಅಂತ ಬರೆದಿದ್ದೀರಲ್ಲ, ನನಗೆ 19,600ಕ್ಕಿಂತ ಆ ಸಾಲು ಮುಖ್ಯ. ನಿಮ್ಮ ಡಾಕ್ಟರ್ ಸುಮ್ಮನೆ ಕೂತಿಲ್ಲ. ಅವರೂ ಅದನ್ನೇ ನೋಡುತ್ತಿದ್ದಾರೆ.

ದೊಡ್ಡವರಲ್ಲಿ ಪ್ರತಿ ಮೈಕ್ರೋಲೀಟರ್ ರಕ್ತಕ್ಕೆ ಸುಮಾರು 4,000ದಿಂದ 11,000 ಬಿಳಿ ರಕ್ತಕಣ ಇರುತ್ತವೆ. ಐಸಿಯುನಲ್ಲಿ ಈ ಮಿತಿ ದಾಟಿದವರು ಬಹಳ ಜನ. ಅವರೆಲ್ಲರಿಗೂ ಸೋಂಕು ಇರುವುದಿಲ್ಲ. ದೊಡ್ಡ ಆಪರೇಷನ್, ಮೂಳೆ ಮುರಿತ, ಸುಟ್ಟ ಗಾಯ, ಹಾರ್ಟ್ ಅಟ್ಯಾಕ್, ಫಿಟ್ಸ್, ಪ್ಯಾಂಕ್ರಿಯಾಸ್ ಊತ, ಒಳಗಿನ ರಕ್ತಸ್ರಾವ, ಎಲ್ಲದರಲ್ಲೂ ಕೌಂಟ್ ಏರುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲಂತೂ ಆರೋಗ್ಯವಾಗಿದ್ದಾಗಲೂ ಸ್ವಲ್ಪ ಜಾಸ್ತಿಯೇ ಇರುತ್ತದೆ.

ಇದು ಹೇಗೆ ಆಗುತ್ತದೆ ಅಂತ ಗೊತ್ತಾದರೆ ಭಯ ಅರ್ಧ ಇಳಿಯುತ್ತದೆ. ಬಿಳಿ ಕಣಗಳಲ್ಲಿ ಹೆಚ್ಚಿನವು ನ್ಯೂಟ್ರೋಫಿಲ್‌ಗಳು. ರಕ್ತನಾಳದೊಳಗಿರುವ ನ್ಯೂಟ್ರೋಫಿಲ್‌ಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ರಕ್ತದ ಜೊತೆ ಹರಿಯುತ್ತಿರುತ್ತವೆ. ಉಳಿದವು ದಡಕ್ಕೆ ಕಟ್ಟಿದ ದೋಣಿಗಳ ಹಾಗೆ ರಕ್ತನಾಳದ ಗೋಡೆಗೆ ಅಂಟಿಕೊಂಡಿರುತ್ತವೆ. ಸಿರಿಂಜಿನಲ್ಲಿ ಎಳೆದ ರಕ್ತದಲ್ಲಿ ಅವು ಲೆಕ್ಕಕ್ಕೆ ಸಿಗುವುದಿಲ್ಲ. ವಿಪರೀತ ನೋವು, ಗಾಬರಿ, ಫಿಟ್ಸ್ ಅಥವಾ ಅಡ್ರಿನಲಿನ್ ಡ್ರಿಪ್‌ನಿಂದ ಇವು ಗೋಡೆ ಬಿಟ್ಟು ಹರಿಯತೊಡಗುತ್ತವೆ. ಕೆಲವೇ ನಿಮಿಷಗಳಲ್ಲಿ ಕೌಂಟ್ ಏರಿಬಿಡುತ್ತದೆ. ಹೊಸದಾಗಿ ಒಂದು ಕಣವೂ ಹುಟ್ಟಿರುವುದಿಲ್ಲ.

ಸ್ಟೆರಾಯ್ಡ್ ಇನ್ನೂ ಹೆಚ್ಚು ಕೆಲಸ ಮಾಡುತ್ತದೆ. ಗೋಡೆಗೆ ಅಂಟಿದವನ್ನು ಬಿಡಿಸುತ್ತದೆ, ಮೂಳೆ ಮಜ್ಜೆಯಲ್ಲಿ ಕೂಡಿಟ್ಟವನ್ನು ಹೊರಗೆ ಬಿಡುತ್ತದೆ, ರಕ್ತದಿಂದ ಅಂಗಾಂಶಕ್ಕೆ ಹೋಗಬೇಕಾದವನ್ನು ಅಲ್ಲೇ ತಡೆಯುತ್ತದೆ, ಅವುಗಳ ಆಯಸ್ಸನ್ನೂ ಸ್ವಲ್ಪ ಹೆಚ್ಚಿಸುತ್ತದೆ. ಹೀಗಾಗಿ ಸ್ಟೆರಾಯ್ಡ್ ಶುರುವಾದ ಮೇಲೆ ಕೌಂಟ್ 15,000, 20,000 ಆಗುವುದು ನಮಗೆ ದಿನವೂ ಕಾಣುವ ಸಂಗತಿ.

ಹಾಗಾದರೆ ಇದು ಸ್ಟೆರಾಯ್ಡ್‌ನದ್ದೋ ಸೋಂಕಿನದ್ದೋ ಅಂತ ಹೇಗೆ ತಿಳಿಯೋದು? ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಇದೇ ಪೆರಿಫೆರಲ್ ಸ್ಮಿಯರ್. ಬಲಿತ ನ್ಯೂಟ್ರೋಫಿಲ್‌ನ ಒಳಗಿನ ಕಣಕೇಂದ್ರ (ನ್ಯೂಕ್ಲಿಯಸ್) ಮೂರು ನಾಲ್ಕು ಉಂಡೆಗಳಾಗಿ ಒಡೆದಿರುತ್ತದೆ, ನಡುವೆ ತೆಳುವಾದ ಎಳೆ ಮಾತ್ರ. ಎಳೆಯ ಕಣದಲ್ಲಿ ಅದು ಇನ್ನೂ ಒಡೆದಿರುವುದಿಲ್ಲ, ಲಾಳದ ಆಕಾರದಲ್ಲಿ ಬಾಗಿರುತ್ತದೆ. ಇವಕ್ಕೆ ಬ್ಯಾಂಡ್ ಅನ್ನುತ್ತಾರೆ. ಸೋಂಕು ಜೋರಾದಾಗ ಮಜ್ಜೆ ಬಲಿಯದ ಕಣಗಳನ್ನೂ ಅವಸರದಲ್ಲಿ ಹೊರಗೆ ಕಳಿಸುತ್ತದೆ, ಆಗ ಬ್ಯಾಂಡ್‌ಗಳು ಜಾಸ್ತಿ ಕಾಣುತ್ತವೆ. ಕಣದೊಳಗೆ ಗಾಢ ನೇರಳೆ ಬಣ್ಣದ ಒರಟು ಕಾಳುಗಳೂ ಕಾಣಬಹುದು. ಬರೀ ಸ್ಟೆರಾಯ್ಡ್‌ನಿಂದ ಏರಿದ ಕೌಂಟಿನಲ್ಲಿ ಇವೆರಡೂ ಅಪರೂಪ. ಎಷ್ಟೇ ದೊಡ್ಡ ಯಂತ್ರ ಬಂದಿರಲಿ, ಈ ಸ್ಲೈಡಿನ ಬೆಲೆ ಕಡಿಮೆಯಾಗಿಲ್ಲ ಅಂತ ನಾನು ನಂಬಿದ್ದೇನೆ.

ತಂದೆಯವರಿಗೆ ಹೊಸದಾಗಿ ಜ್ವರ ಬಂದರೆ, ಕಫದ ಬಣ್ಣ ಬದಲಾದರೆ, ಆಕ್ಸಿಜನ್ ಮತ್ತೆ ಹೆಚ್ಚು ಬೇಕಾದರೆ, ಬಿಪಿ ಇಳಿದರೆ, ಮೂತ್ರ ಕಡಿಮೆಯಾದರೆ ಅಥವಾ ಮಾತು ತೊದಲಿ ಗೊಂದಲ ಶುರುವಾದರೆ ಲೆಕ್ಕ ಬೇರೆ. ಆಗ ರಕ್ತ, ಕಫ, ಮೂತ್ರದ ಕಲ್ಚರ್ (ರೋಗಾಣು ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆ) ಕಳಿಸಬೇಕು. ಕೈಗೆ, ಕುತ್ತಿಗೆಗೆ ಹಾಕಿದ ಲೈನ್‌ಗಳನ್ನು (ರಕ್ತನಾಳದೊಳಗಿನ ಕೊಳವೆಗಳನ್ನು) ನೋಡಬೇಕು. ಆಮೇಲೆ ತಡಮಾಡದೆ ಔಷಧ. ಅದಿಲ್ಲದೆ ಬರೀ ಸಂಖ್ಯೆ ನೋಡಿ ‘ಇನ್ನೂ ಸ್ಟ್ರಾಂಗ್ ಆಂಟಿಬಯೋಟಿಕ್ ಕೊಡಿ’ ಅಂತ ಒತ್ತಾಯ ಮಾಡಬೇಡಿ, ದಯವಿಟ್ಟು. ಕೊಲಿಸ್ಟಿನ್‌ನಂಥ ಔಷಧ ಕಿಡ್ನಿಗೆ ಪೆಟ್ಟು ಕೊಡುತ್ತದೆ. ಆಂಟಿಬಯೋಟಿಕ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದಾಗ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ರೋಗಾಣು ಬೆಳೆದು ಭೇದಿ ಶುರುವಾಗಬಹುದು. ಆ ಭೇದಿಯಲ್ಲಿ ಕೌಂಟ್ 30,000 ದಾಟಿದ್ದೂ ಉಂಟು. ಕೌಂಟ್ ಇಳಿಸಲು ಕೊಟ್ಟ ಔಷಧದಿಂದಲೇ ಕೌಂಟ್ ಏರಿದ ಹಾಗಾಯ್ತು, ಅಲ್ವಾ?

ನಾಳೆ ಡಾಕ್ಟರ್ ಸಿಕ್ಕಾಗ ‘ಕೌಂಟ್ ಎಷ್ಟು?’ ಅನ್ನುವುದಕ್ಕಿಂತ ‘ಸೋಂಕು ಎಲ್ಲಾದರೂ ಇದೆ ಅಂತ ಅನುಮಾನ ಇದೆಯಾ? ಕಲ್ಚರ್ ರಿಪೋರ್ಟ್ ಏನು ಬಂತು?’ ಅಂತ ಕೇಳಿ. ಉತ್ತರ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಅತ್ತೆಗೆ ಕರುಳು ತೂತಾಗಿ ಆಪರೇಷನ್ ಆಗಿದೆ, ವೆಂಟಿಲೇಟರ್‌ನಲ್ಲಿದ್ದಾರೆ. ಕೌಂಟ್ 22,000 ಇದ್ದದ್ದು ಎರಡೇ ದಿನದಲ್ಲಿ 2,900ಕ್ಕೆ ಬಂದಿದೆ. ಇನ್‌ಫೆಕ್ಷನ್ ಕಡಿಮೆಯಾಯಿತು ಅಂತ ನಾವು ಖುಷಿಯಾಗಿದ್ದೆವು. ಡಾಕ್ಟರ್ ಮುಖ ಮಾತ್ರ ಸಪ್ಪಗಿದೆ. ಯಾಕೆ? (ಓದುಗರು, ದಾವಣಗೆರೆ)

ಉತ್ತರ: ಡಾಕ್ಟರ್ ಆತಂಕಕ್ಕೆ ಕಾರಣ ಇದೆ. ಚೇತರಿಸಿಕೊಳ್ಳುವಾಗ ಕೌಂಟ್ ಮೆಲ್ಲಗೆ ಇಳಿದು 10,000ದ ಆಸುಪಾಸಿಗೆ ಬರುತ್ತದೆ. ಹೀಗೆ ಧಡಕ್ಕನೆ 4,000ಕ್ಕಿಂತ ಕೆಳಗೆ ಬಿದ್ದರೆ, ಸೋಂಕಿನ ಜಾಗಕ್ಕೆ ಹೋಗುತ್ತಿರುವಷ್ಟು ಕಣಗಳನ್ನು ಮಜ್ಜೆ ಒದಗಿಸಲಾಗುತ್ತಿಲ್ಲ ಎಂದಿರಬಹುದು. ಕೆಲವು ಔಷಧಗಳಿಂದಲೂ ಹೀಗಾಗುತ್ತದೆ, ಅದನ್ನೂ ನೋಡುತ್ತಾರೆ.

1992ರಲ್ಲಿ ಪ್ರಕಟವಾದ ಸೆಪ್ಸಿಸ್ (ಸೋಂಕಿಗೆ ದೇಹವೇ ವಿಪರೀತವಾಗಿ ಪ್ರತಿಕ್ರಿಯಿಸುವ ಸ್ಥಿತಿ) ಮಾನದಂಡದಲ್ಲಿ 12,000ಕ್ಕಿಂತ ಹೆಚ್ಚು ಇದ್ದರೂ ಗುರುತು, 4,000ಕ್ಕಿಂತ ಕಡಿಮೆ ಇದ್ದರೂ ಗುರುತು. 2016ರಲ್ಲಿ ಬಂದ ಹೊಸ ವ್ಯಾಖ್ಯಾನ ಬಿಳಿ ಕಣದ ಕೌಂಟನ್ನೇ ಬದಿಗಿಟ್ಟು ಅಂಗಗಳನ್ನು ನೋಡಿತು: ಆಕ್ಸಿಜನ್, ಬಿಪಿ, ಪ್ಲೇಟ್‌ಲೆಟ್, ಬಿಲಿರುಬಿನ್ (ಲಿವರ್‌ಗೆ), ಕ್ರಿಯಾಟಿನಿನ್ (ಕಿಡ್ನಿಗೆ), ಎಚ್ಚರ. ಅತ್ತೆಯವರಿಗೆ ಬಿಪಿ ಬೀಳದಂತೆ ಕೊಡುವ ಔಷಧದ ಡೋಸ್ ಏರುತ್ತಿದೆಯಾ, ಮೂತ್ರ ಸರಿಯಾಗಿ ಬರುತ್ತಿದೆಯಾ ಅಂತ ಕೇಳಿ. ಹೊಟ್ಟೆಯೊಳಗೆ ಕೀವು ಉಳಿದಿರಬಹುದಾ, ಹೊಲಿಗೆ ಸೋರುತ್ತಿದೆಯಾ ಅನ್ನುವುದು ಸರ್ಜನ್ ಬಳಿ ಕೇಳಲೇಬೇಕಾದ ಪ್ರಶ್ನೆ. ಸಿ.ಟಿ. ಸ್ಕ್ಯಾನ್ ಅಥವಾ ಮತ್ತೆ ಆಪರೇಷನ್ ಬೇಕು ಅಂದರೆ ನಿರ್ಧಾರ ತಡಮಾಡಬೇಡಿ.

ಪ್ರಶ್ನೆ: ಬೈಕ್ ಅಪಘಾತದಲ್ಲಿ ತಮ್ಮನ ಗುಲ್ಮ (ಸ್ಪ್ಲೀನ್) ತೆಗೆದರು. ಐಸಿಯುನಿಂದ ವಾರ್ಡಿಗೆ ಬಂದಿದ್ದಾನೆ. ಹತ್ತನೇ ದಿನ ಕೌಂಟ್ 18,000, ಪ್ಲೇಟ್‌ಲೆಟ್ 8 ಲಕ್ಷ. ಬ್ಲಡ್ ಕ್ಯಾನ್ಸರ್ ಇರಬಹುದಾ? (ಓದುಗರು, ಶಿವಮೊಗ್ಗ)

ಉತ್ತರ: ಇದನ್ನು ಮಾತ್ರ ನೋಡಿ ಕ್ಯಾನ್ಸರ್ ಅಂತ ಹೆದರಬೇಡಿ. ಗುಲ್ಮ ತೆಗೆದ ಮೇಲೆ ಎರಡೂ ಏರುತ್ತವೆ, ವಾರಗಟ್ಟಲೆ ಹಾಗೇ ಇರಬಹುದು. ಬಿಳಿ ಕಣ ಮಾತ್ರ ಮತ್ತೆ ಏರುತ್ತಾ ಹೋಗಿ ಪ್ಲೇಟ್‌ಲೆಟ್ ಅದರ ಜೊತೆ ಏರದಿದ್ದರೆ ಸೋಂಕು ಹುಡುಕುತ್ತಾರೆ. 50,000 ದಾಟಿದ ಕೌಂಟ್ ಕೂಡ ಕೆಲವೊಮ್ಮೆ ತೀವ್ರ ಸೋಂಕಿನದ್ದೇ ಆಗಿರುತ್ತದೆ. ಅನುಮಾನ ಬಂದರೆ ಸ್ಮಿಯರ್‌ನಲ್ಲಿ ಬ್ಲಾಸ್ಟ್ ಕಣ (ಬ್ಲಡ್ ಕ್ಯಾನ್ಸರ್‌ನಲ್ಲಿ ಕಾಣುವ ತೀರಾ ಎಳೆಯ ಕಣ) ಇದೆಯಾ ಅಂತ ನೋಡುತ್ತಾರೆ.

ನಿಮ್ಮ ತಮ್ಮನ ವಿಷಯದಲ್ಲಿ ನಾನು ಹೆಚ್ಚು ಕಾಳಜಿ ಮಾಡುವುದು ಲಸಿಕೆಯ ಬಗ್ಗೆ, ಯಾಕೆಂದರೆ ಗುಲ್ಮ ಇಲ್ಲದವರಲ್ಲಿ ಕೆಲವು ಸೋಂಕುಗಳು ಬೇಗ ಜೋರಾಗುತ್ತವೆ. ನ್ಯೂಮೋಕಾಕಸ್, ಮೆನಿಂಗೋಕಾಕಸ್, ಹಿಬ್ ಎಂಬ ಬ್ಯಾಕ್ಟೀರಿಯಾಗಳ ವಿರುದ್ಧದ ಲಸಿಕೆಗಳನ್ನು ಸಾಮಾನ್ಯವಾಗಿ ಆಪರೇಷನ್ ಆಗಿ 14 ದಿನದ ನಂತರ ಕೊಡುತ್ತಾರೆ. ಡಿಸ್ಚಾರ್ಜ್ ಗಡಿಬಿಡಿಯಲ್ಲಿ ಇದು ತಪ್ಪಿಹೋಗದಿರಲಿ, ತಾರೀಖು ಬರೆಸಿಕೊಂಡೇ ಮನೆಗೆ ಹೋಗಿ. ಮುಂದೆ ಯಾವಾಗ ಚಳಿಜ್ವರ ಬಂದರೂ ಮನೆಯಲ್ಲಿ ಮಾತ್ರೆ ನುಂಗಿ ಕಾಯುವುದು ಬೇಡ. ಅವತ್ತೇ ಆಸ್ಪತ್ರೆಗೆ ಹೋಗಿ, ಗುಲ್ಮ ತೆಗೆದಿದ್ದಾರೆ ಅಂತ ಮೊದಲೇ ಹೇಳಿ.