ಪ್ರಶ್ನೋತ್ತರ: ಸರ್ವರ್ ಎಚ್ಚರಿಕೆಗೆ ಎಷ್ಟು ಮಿತಿ, ಎಷ್ಟು ಅಂತರ?

ಪ್ರಶ್ನೆ: ನಮ್ಮ ಭಾಗದ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ತೂಕ ಮತ್ತು ಬಿಲ್ಲಿನ ಲೆಕ್ಕ ನಡೆಯುವ ಲಿನಕ್ಸ್ ಸರ್ವರ್‌ಗಳ ಹೊಣೆ ನನ್ನದು. ಸರ್ವರ್ ಮೇಲೆ ನಿಗಾ ಇಡುವ ತಂತ್ರಾಂಶವಾದ ನಾಗಿಯೋಸ್ ಅಳವಡಿಸಿ, ಎಲ್ಲವನ್ನೂ ನಿಮಿಷಕ್ಕೊಮ್ಮೆ ತಪಾಸಣೆ ಮಾಡುವಂತೆ ಹಾಗೂ ಸಿಪಿಯು, ಮೆಮೊರಿ, ಡಿಸ್ಕ್ ಮೂರರ ಬಳಕೆಗೂ ಶೇ 80ರ ಮಿತಿ ಇರುವಂತೆ ಮಾಡಿದ್ದೇನೆ. ಕಬ್ಬು ನುರಿಸುವ ಹಂಗಾಮು ಆರಂಭವಾದಾಗಿನಿಂದ ರಾತ್ರಿಯಿಡೀ ಸಂದೇಶಗಳು ಬರುತ್ತಿದ್ದು, ಆ ಗದ್ದಲದಲ್ಲಿ ಡಿಸ್ಕ್ ತುಂಬಿದ ಸಂದೇಶವೇ ಕಣ್ತಪ್ಪಿತು. ಮಿತಿಯನ್ನು ಶೇ 90ಕ್ಕೆ ಏರಿಸಿದರೆ ಸಾಕೇ?
– ಓದುಗರೊಬ್ಬರು, ಜಮಖಂಡಿ

ಉತ್ತರ: ಸಾಲದು. ಮೂರಕ್ಕೂ ಒಂದೇ ಅಂಕಿ ಇಟ್ಟಿರುವುದೇ ತೊಡಕಿಗೆ ಕಾರಣ. ಸಂದೇಶ ತಲುಪಿದ ಮೇಲೆ ಸರಿಪಡಿಸಲು ನಿಮಗೆ ಎಷ್ಟು ಸಮಯ ಬೇಕು ಎಂಬುದನ್ನು ನೋಡಿ ಮಿತಿಯನ್ನು ಗೊತ್ತುಪಡಿಸಬೇಕು.

ಡಿಸ್ಕ್‌ನ ವಿಷಯವನ್ನೇ ಮೊದಲು ನೋಡಿ. ನಾಗಿಯೋಸ್ ಜೊತೆಗೆ ಬರುವ ಮಾದರಿ ಕಡತದಲ್ಲಿ ಶೇ 20ಕ್ಕಿಂತ ಕಡಿಮೆ ಜಾಗ ಉಳಿದರೆ ವಾರ್ನಿಂಗ್, ಶೇ 10ಕ್ಕಿಂತ ಕಡಿಮೆಯಾದರೆ ಕ್ರಿಟಿಕಲ್ ಎಂದಿದೆ. 100 ಜಿಬಿ ಡಿಸ್ಕ್‌ನಲ್ಲಿ ಶೇ 10 ಎಂದರೆ 10 ಜಿಬಿ, 4 ಟಿಬಿ ಡಿಸ್ಕ್‌ನಲ್ಲಿ ಸುಮಾರು 400 ಜಿಬಿ. ಡೇಟಾಬೇಸ್ ಮತ್ತು ಲಾಗ್ ಸೇರಿ ದಿನಕ್ಕೆ 2 ಜಿಬಿ ಬೆಳೆಯುತ್ತದೆ ಎಂದಿಟ್ಟುಕೊಂಡರೆ, ಮೊದಲನೆಯದಕ್ಕೆ 5 ದಿನ ಉಳಿದಿರುತ್ತದೆ, ಎರಡನೆಯದು ತುಂಬುವ ಹೊತ್ತಿಗೆ ಹಂಗಾಮೇ ಮುಗಿದಿರುತ್ತದೆ. ಆದ್ದರಿಂದ ದೊಡ್ಡ ಡಿಸ್ಕ್‌ಗೆ ಶೇಕಡಾವಾರು ಬಿಟ್ಟು ಉಳಿಯಬೇಕಾದ ಜಾಗದ ಪ್ರಮಾಣವನ್ನೇ ಮಿತಿಯಾಗಿ ಕೊಡಿ. ಬೆಳವಣಿಗೆಯನ್ನು ಹಂಗಾಮಿನ ದಿನಗಳಲ್ಲೇ ಅಳೆಯಿರಿ, ಬೇಸಿಗೆಯ ಅಂಕಿ ಉಪಯೋಗಕ್ಕೆ ಬಾರದು. ತೂಕದ ಚೀಟಿಗಳನ್ನು ಲಕ್ಷಗಟ್ಟಲೆ ಸಣ್ಣ ಕಡತಗಳಾಗಿ ಉಳಿಸುತ್ತಿದ್ದರೆ ಜಾಗವಿದ್ದೂ ಐನೋಡ್ (ಪ್ರತಿ ಕಡತಕ್ಕೂ ಒಂದರಂತೆ ಬೇಕಾಗುವ ದಾಖಲೆ) ಮುಗಿಯಬಹುದು, ಅದಕ್ಕೂ ಮಿತಿ ಇರಲಿ. ಡಿಸ್ಕ್ ತಪಾಸಣೆ 15 ನಿಮಿಷಕ್ಕೊಮ್ಮೆ ನಡೆದರೆ ಸಾಕು.

ಸಿಪಿಯು ಶೇ 80 ಮುಟ್ಟುವುದು ಯಂತ್ರ ದುಡಿಯುತ್ತಿರುವುದರ ಗುರುತಷ್ಟೇ, ದೋಷವಲ್ಲ. ಅದರ ಬದಲು ಲೋಡ್ ಸರಾಸರಿಯನ್ನು, ಅಂದರೆ ಓಡುತ್ತಿರುವ ಮತ್ತು ಸರದಿಗೆ ಕಾಯುತ್ತಿರುವ ಪ್ರಕ್ರಿಯೆಗಳ ಸರಾಸರಿ ಸಂಖ್ಯೆಯನ್ನು ನೋಡುವುದು ಒಳ್ಳೆಯದು. 4 ಕೋರ್‌ಗಳ ಯಂತ್ರಕ್ಕೆ ಲೋಡ್ 4 ಎಂದರೆ ಕೈತುಂಬ ಕೆಲಸ, 16 ಕೋರ್‌ಗಳ ಯಂತ್ರಕ್ಕೆ ಅದು ಏನೂ ಅಲ್ಲ. ಲಿನಕ್ಸ್‌ನಲ್ಲಿ ಡಿಸ್ಕ್‌ಗಾಗಿ ಕಾಯುತ್ತಿರುವ ಪ್ರಕ್ರಿಯೆಗಳೂ ಈ ಲೆಕ್ಕದಲ್ಲಿ ಸೇರುವುದರಿಂದ, ಸಿಪಿಯು ಬಿಡುವಾಗಿದ್ದು ಲೋಡ್ ಮಾತ್ರ ಏರಿದ್ದರೆ ಡಿಸ್ಕ್ ಕಡೆಗೆ ನೋಡಿ. 1, 5 ಮತ್ತು 15 ನಿಮಿಷದ ಸರಾಸರಿಗಳಿಗೆ ಬೇರೆ ಬೇರೆ ಮಿತಿ ಕೊಡಲು ಅವಕಾಶವಿದೆ. ಮೊದಲನೆಯದನ್ನು ಸಡಿಲವಾಗಿಡಿ, ಕೊನೆಯದನ್ನು ಬಿಗಿಯಾಗಿಡಿ. ಮೆಮೊರಿಯಲ್ಲಿ ‘ಫ್ರೀ’ ಎಂಬ ಅಂಕಿಯನ್ನು ನಂಬಬೇಡಿ, ಲಿನಕ್ಸ್ ಖಾಲಿ ಮೆಮೊರಿಯನ್ನು ಕಡತಗಳ ಕ್ಯಾಶ್‌ಗೆ (ತಾತ್ಕಾಲಿಕ ಸಂಗ್ರಹಕ್ಕೆ) ಬಳಸಿಕೊಳ್ಳುತ್ತದೆ. ಬೇಕಾದಾಗ ಎಷ್ಟು ಮೆಮೊರಿ ಸಿಗಬಲ್ಲದು ಎಂದು ಹೇಳುವ ‘ಅವೈಲಬಲ್’ ಅಂಕಿಗೆ ಮಿತಿ ಹಾಕಿ.

ಇನ್ನು ಅಂತರದ ಮಾತು. ಸಾಮಾನ್ಯ ತಪಾಸಣೆ 5 ನಿಮಿಷಕ್ಕೊಮ್ಮೆ, ದೋಷ ಕಂಡ ಮೇಲೆ ಮರುತಪಾಸಣೆ 1 ನಿಮಿಷಕ್ಕೊಮ್ಮೆ, ಒಟ್ಟು ಪ್ರಯತ್ನ 4 ಎಂದಿಟ್ಟರೆ, ದೋಷ ಮೊದಲು ಕಂಡ 3 ನಿಮಿಷಗಳ ನಂತರವೇ ಅದು ಖಚಿತವಾಗಿ ಸಂದೇಶ ಹೊರಡುತ್ತದೆ. ದೋಷ ಹುಟ್ಟಿದ ಗಳಿಗೆಯಿಂದ ಲೆಕ್ಕ ಹಾಕಿದರೆ ಹೆಚ್ಚೆಂದರೆ 8 ನಿಮಿಷ. ನಡುವೆ ಲೋಡ್ ಇಳಿದರೆ ಸಂದೇಶವೇ ಬರುವುದಿಲ್ಲ. ಕಾಟಾದ ಮುಂದೆ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿರುವಾಗ 8 ನಿಮಿಷವೂ ಹೆಚ್ಚಾಯಿತು ಎನ್ನುವುದಾದರೆ, ತೂಕದ ತಂತ್ರಾಂಶದ ತಪಾಸಣೆಯೊಂದನ್ನೇ ನಿಮಿಷಕ್ಕೊಮ್ಮೆ ಇಡಿ.

ರಾತ್ರಿಯ ಗದ್ದಲಕ್ಕೆ ತಪಾಸಣೆಯ ಅವಧಿಯನ್ನು ಮೊಟಕುಗೊಳಿಸಬೇಡಿ, ಸಂದೇಶದ ಅವಧಿಯನ್ನು ಮಾತ್ರ ಬದಲಿಸಿ: ಕ್ರಿಟಿಕಲ್ ಯಾವ ಹೊತ್ತಿನಲ್ಲಾದರೂ ಮೊಬೈಲ್‌ಗೆ ಬರಲಿ, ವಾರ್ನಿಂಗ್ ಹಗಲಿನಲ್ಲಿ ಇಮೇಲ್‌ಗೆ ಬಂದರೆ ಸಾಕು.

ಪ್ರಶ್ನೆ: ನಿಗಾ ಯಂತ್ರ ವಿಜಯಪುರದಲ್ಲಿದೆ. ಇಂಡಿ ಶಾಖೆಯ ಲೈನ್ ಕಡಿದಾಗ ಅಲ್ಲಿನ ಪ್ರತಿಯೊಂದು ಯಂತ್ರದ ಹೆಸರಿನಲ್ಲೂ ‘ಡೌನ್’ ಸಂದೇಶ ಬರುತ್ತದೆ. ತಪ್ಪಿಸುವುದು ಹೇಗೆ?
– ಓದುಗರೊಬ್ಬರು, ವಿಜಯಪುರ

ಉತ್ತರ: ಶಾಖೆಯ ರೂಟರ್ ಅನ್ನು ಅಲ್ಲಿನ ಯಂತ್ರಗಳಿಗೆ ‘ಪೇರೆಂಟ್’ ಎಂದು ನಮೂದಿಸಿ. ಆಗ ರೂಟರ್ ಮಾತ್ರ ‘ಡೌನ್’ ಎಂದೂ ಅದರ ಹಿಂದಿನವು ‘ಅನ್‌ರೀಚಬಲ್’ ಎಂದೂ ದಾಖಲಾಗುತ್ತವೆ. ಆ ಎರಡನೆಯ ಸ್ಥಿತಿಯ ಸಂದೇಶವನ್ನು ನಿಲ್ಲಿಸಿದರೆ ನಿಮಗೆ ಬರುವುದು ಒಂದೇ ಸಂದೇಶ.